ಬದಲಿ ಸವಾರನೂ ಒಂದು ಉಳ್ಳಾಗಡ್ಡಿಯೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ನರಗುಂದದಲ್ಲಿ ಹೈಸ್ಕೂಲಿಗೆ ಹೋಗುವಾಗ ಒಂದು ಗಂಟೆಗೆಂದು ಬಾಡಿಗೆ ಸೈಕಲ್ ತಂದು, ಅರ್ಧ ಗಂಟೆ ಅದನ್ನು ತಳ್ಳಿಕೊಂಡು ಅಡ್ಡಾಡಿ, ಉಳಿದರ್ಧ ಗಂಟೆ ಅದರ ಜೊತೆ ಗಟಾರಿನಲ್ಲಿ ಕಳೆದು, ವಾಪಸು ಕೊಟ್ಟು ಬಂದವನು ನಾನು. ಅಂಥವನು ಎರಡು ವರ್ಷ ಇಂಗ್ಲೆಂಡಿನ ಏಳು ಜನ ಮೋಟಾರ್ ಸೈಕಲ್ ಸವಾರರು ಯಾವ ದಿನ, ಯಾವ ಊರಿನಲ್ಲಿ, ಎಷ್ಟನೆಯ ಓಟಕ್ಕೆ ಬೈಕು ಹತ್ತಬೇಕು ಎಂಬುದನ್ನು ಸಿಂಗಪುರದಲ್ಲಿ ಕೂತು ಬರೆದುಕೊಡುತ್ತಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನೂ ನಂಬಲಿಲ್ಲ. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, ಆ ಹುಡುಗರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಮರುಗಿದಳು. ಆಮೇಲೆ ಎಂದಿನಂತೆ ನನ್ನ ಮದುವೆಯ ವಿಷಯ ತೆಗೆದಳು, ನಾನು ಎಂದಿನಂತೆ ಕಾಲಿಂಗ್ ಕಾರ್ಡು ಮುಗಿಯಿತೆಂದೆ.

ಆಗ ನಾನು ಪಾಸಿರ್ ಪಂಜಾಂಗ್ ಬಂದರಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿದ್ದೆ. ಕೆಲಸ, ರೋಸ್ಟರ್ ಹಾಕುವುದು. ಯಾವ ಕ್ರೇನಿಗೆ ಯಾರು, ಯಾವ ಪಾಳಿಗೆ ಯಾರು, ಯಾರಿಗೆ ಜ್ವರ, ಯಾರ ಅಜ್ಜಿ ಈ ವರ್ಷ ಮೂರನೆಯ ಸಲ ತೀರಿಕೊಂಡಳು, ಇದೆಲ್ಲ ನನ್ನ ಕಂಪ್ಯೂಟರಿನ ಚೌಕಗಳಲ್ಲಿ ಇರುತ್ತಿತ್ತು. ಎರಡು ಸಾವಿರದ ಇಸವಿಯ ಈಚೆಗಿನ ಆ ವರ್ಷಗಳಲ್ಲಿ ಹಡಗುಗಳು ನಮ್ಮೂರಿನ ಸಂತೆಗೆ ಚಕ್ಕಡಿ ಬಂದ ಹಾಗೆ ಬರುತ್ತಿದ್ದವು. ಕೆಲಸ ಎಷ್ಟಿದ್ದರೂ ಎಲ್ಲರಿಗೂ ಬೇಕಾದದ್ದು ಭಾನುವಾರದ ರಜೆ. ಹೆಂಡತಿ ಮಕ್ಕಳಿದ್ದವರಿಗೆ ಕೊಟ್ಟು, ಹೊಸದಾಗಿ ಲಗ್ನವಾದವರಿಗೆ ಕೊಟ್ಟು, ಕೊನೆಗೆ ಖಾಲಿ ಉಳಿದ ಭಾನುವಾರದ ಡ್ಯೂಟಿಯ ಚೌಕದಲ್ಲಿ ನನ್ನ ಹೆಸರನ್ನೇ ಬರೆದುಕೊಳ್ಳುತ್ತಿದ್ದೆ. ಆಫೀಸಿನವರು ಇದನ್ನು ತ್ಯಾಗವೆಂದು ತಿಳಿದಿದ್ದರು. ನಿಜ ಹೇಳಬೇಕೆಂದರೆ ಬುಕಿತ್ ಬಾಟೋಕಿನ ಬಾಡಿಗೆ ರೂಮಿನಲ್ಲಿ ಭಾನುವಾರ ಕಳೆಯುವುದು ನನ್ನಿಂದ ಆಗುತ್ತಿರಲಿಲ್ಲ. ಕಟ್ಟಡದ ಕೆಳಗೆ ವಾಯ್ಡ್ ಡೆಕ್ ಎಂಬ ಖಾಲಿ ಅಂಗಳದಲ್ಲಿ ಯಾರದೋ ಮದುವೆಯ ಊಟ ನಡೆಯುತ್ತಿರುತ್ತದೆ, ಮೇಲೆ ಒಬ್ಬ ಮನುಷ್ಯ ಒಂದು ಪಾವು ಅಕ್ಕಿಗೆ ನೀರು ಎಷ್ಟೆಂದು ನೋಡುತ್ತ ನಿಂತಿರುತ್ತಾನೆ. ಅದಕ್ಕಿಂತ ಕ್ರೇನೇ ವಾಸಿ.

ನನ್ನ ಮೇಲಿನ ಸಾಹೇಬ ಬ್ಯಾರಿ ಎಂಬ ಇಂಗ್ಲಿಷ್ ಮನುಷ್ಯ. ದೊಡ್ಡ ಹೊಟ್ಟೆ, ಸಣ್ಣ ಸಿಟ್ಟು. ನನ್ನ ಹೆಸರು ಹಿರೇಮಠ. ಅದನ್ನು ಇಂಗ್ಲಿಷಿನಲ್ಲಿ ಬರೆದಾಗ ಆತ ಮೊದಲ ದಿನವೇ 'ಹೈರ್-ಮ್ಯಾಥ್' ಎಂದು ಓದಿದ. ಲೆಕ್ಕ ಮಾಡಲು ಬಾಡಿಗೆಗೆ ಹಿಡಿದವನು ಎಂದು ಅರ್ಥ ಬರುತ್ತದೆ. ತಿದ್ದೋಣವೆಂದುಕೊಂಡೆ, ಆಮೇಲೆ ನನ್ನ ಕೆಲಸ ನೋಡಿದರೆ ಆತ ಓದಿದ್ದೇ ಸರಿಯಾಗಿದೆ ಅನ್ನಿಸಿ ಸುಮ್ಮನಾದೆ. ಈ ಬ್ಯಾರಿಯ ತಮ್ಮ ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಸ್ಪೀಡ್‌ವೇ ಎಂಬ ಪಂದ್ಯದ ಕ್ಲಬ್ಬು ನಡೆಸುತ್ತಿದ್ದ. ಅಲ್ಲಿಯ ಸವಾರರ ಪಟ್ಟಿ ಸದಾ ಕಲಸುಮೇಲೋಗರ. ಒಂದು ದಿನ ಬ್ಯಾರಿ ನನ್ನ ಮೇಜಿನ ಮೇಲೆ ಒಂದು ಕಟ್ಟು ಕಾಗದ ಇಟ್ಟು, ಮುನ್ನೂರು ಜನರನ್ನು ಸಂಭಾಳಿಸುವವನಿಗೆ ಏಳು ಜನ ಯಾವ ಲೆಕ್ಕ ಎಂದ. ಮುನ್ನೂರು ಜನ ಒಂದೇ ಬಂದರಿನಲ್ಲಿರುತ್ತಾರೆ, ಏಳು ಜನ ನಾಲ್ಕು ದೇಶಗಳಲ್ಲಿರುತ್ತಾರೆ ಎಂಬುದು ನನಗೆ ತಿಳಿದದ್ದು ಆ ಕಟ್ಟು ಬಿಚ್ಚಿದ ಮೇಲೆ.

ಸ್ಪೀಡ್‌ವೇ ಎಂದರೆ ಏನೆಂದು ಹೇಳಿಬಿಡುತ್ತೇನೆ, ದೊಡ್ಡ ವಿಷಯವೇನಲ್ಲ. ಮಣ್ಣಿನ ಸುತ್ತು ಹಾದಿ. ಒಂದು ಓಟಕ್ಕೆ ನಾಲ್ಕು ಬೈಕು, ಈ ಕ್ಲಬ್ಬಿನವು ಎರಡು, ಆ ಕ್ಲಬ್ಬಿನವು ಎರಡು. ನಾಲ್ಕು ಸುತ್ತು, ಒಂದು ನಿಮಿಷದಲ್ಲಿ ಕಥೆ ಮುಗಿಯುತ್ತದೆ. ಬೈಕಿಗೆ ಬ್ರೇಕ್ ಇರುವುದಿಲ್ಲ, ಮತ್ತು ಎಲ್ಲರೂ ಎಡಕ್ಕೆ ಮಾತ್ರ ತಿರುಗುತ್ತಾರೆ. ಇದರಲ್ಲಿ ಕಷ್ಟ ಓಡಿಸುವವನಿಗಿಂತ ಪಟ್ಟಿ ಮಾಡುವವನಿಗೆ ಹೆಚ್ಚು. ಒಬ್ಬ ಸವಾರ ಭಾನುವಾರ ಪೋಲೆಂಡಿನ ಕ್ಲಬ್ಬಿಗೆ ಓಡಿಸಿ, ಸೋಮವಾರ ನಮಗೆ ಓಡಿಸಿ, ಮಂಗಳವಾರ ಸ್ವೀಡನ್ನಿಗೆ ವಿಮಾನ ಹತ್ತುತ್ತಾನೆ. ಇನ್ನೊಬ್ಬ ಎರಡು ಕ್ಲಬ್ಬುಗಳಿಗೆ ಮಾತು ಕೊಟ್ಟು ಎರಡರಿಂದಲೂ ಮುಖ ಮರೆಸಿಕೊಂಡಿರುತ್ತಾನೆ. ಮೂರನೆಯವನ ಭುಜದ ಎಲುಬು ಮುರಿದಿರುತ್ತದೆ. ಇದರ ಮೇಲೆ ಸರಾಸರಿಯ ಕಟ್ಟಳೆ. ಪ್ರತಿ ಸವಾರನೂ ಪಂದ್ಯಕ್ಕೆ ಎಷ್ಟು ಅಂಕ ಗಳಿಸುತ್ತಾನೆ ಎಂಬ ಸರಾಸರಿ ಇರುತ್ತದೆ, ವರ್ಷದ ತಂಡ ಕಟ್ಟುವಾಗ ಏಳು ಜನರ ಸರಾಸರಿ ಸೇರಿಸಿದರೆ ಒಂದು ಮಿತಿ ದಾಟಬಾರದು. ಹೋಳಿಗೆಯನ್ನೆಲ್ಲ ಒಂದೇ ಪಂಕ್ತಿಗೆ ಬಡಿಸಬಾರದು ಎಂಬ ನ್ಯಾಯ. ಹಾಗಾಗಿ ಅಲ್ಲಿ ತುಂಬಾ ಜಾಣನಾದವನಿಗೂ ಕೆಲವೊಮ್ಮೆ ಜಾಗ ಸಿಗುವುದಿಲ್ಲ.

ಆ ಕಟ್ಟಳೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಗೆಸ್ಟ್ ರೈಡರ್ ಎಂಬ ಏರ್ಪಾಡು. ತಂಡದ ಸವಾರ ಬೀಳುತ್ತಾನೆ, ಅವನ ಬದಲಿಗೆ ಹೊರಗಿನವನೊಬ್ಬನನ್ನು ಒಂದೇ ಒಂದು ದಿನಕ್ಕೆ ಕರೆಸುತ್ತಾರೆ. ಆದರೆ ಬಂದವನ ಸರಾಸರಿ ಬಾರದವನ ಸರಾಸರಿಗಿಂತ ಹೆಚ್ಚಿರಬಾರದು. ಬದಲಿಗೆ ಬಂದವನು ಮೂಲದವನಿಗಿಂತ ಜಾಣನಿರಬಾರದು ಎಂಬ ಈ ನಿಯಮ ನಮ್ಮ ಆಫೀಸಿನಲ್ಲಿ ಬರೆಯದೆಯೇ ಜಾರಿಯಲ್ಲಿತ್ತು. ನಮ್ಮ ಪಟ್ಟಿಗೆ ಪದೇ ಪದೇ ಬರುತ್ತಿದ್ದ ಬದಲಿ ಸವಾರ ಕೆವಿನ್ ಎಂಬವನು. ಹಗಲು ವೆಲ್ಡಿಂಗ್ ಕೆಲಸ, ಸಂಜೆ ಯಾರು ಕರೆದರೆ ಅವರಿಗೆ ಬೈಕು. ವಯಸ್ಸಾಗುತ್ತ ಬಂದಿತ್ತು. ತನ್ನದೆಂಬ ಕ್ಲಬ್ಬಿಲ್ಲ. ಒಂದು ಹಳೆಯ ವ್ಯಾನಿನಲ್ಲಿ ಬೈಕು ಹಾಕಿಕೊಂಡು ಊರೂರಿಗೆ ಹೋಗಿ, ಆ ದಿನದ ಮಟ್ಟಿಗೆ ಅವರು ಕೊಟ್ಟ ಬಣ್ಣದ ಅಂಗಿ ತೊಟ್ಟು, ಓಡಿಸಿ, ಅಂಗಿ ಕಳಚಿಕೊಟ್ಟು ಬರುತ್ತಿದ್ದ. ಅವನ ಇ-ಮೇಲುಗಳು ಒಂದು ಸಾಲಿನವು. 'ಬರುತ್ತೇನೆ. ಕರೆದದ್ದಕ್ಕೆ ಥ್ಯಾಂಕ್ಸ್.' ಅದನ್ನು ಓದಿದಾಗೆಲ್ಲ ನನಗೆ ಒಂದು ತರಹ ಆಗುತ್ತಿತ್ತು, ಯಾಕೆಂದರೆ ಸಿಂಗಪುರದಲ್ಲಿ ನಾನೂ ಅದೇ ಕಸುಬು ಮಾಡುತ್ತಿದ್ದೆ.

ಅದು ಹೇಗೆಂದರೆ, ಲಿಟಲ್ ಇಂಡಿಯಾದ ಒಂದು ಕಿರಾಣಿ ಅಂಗಡಿಯಲ್ಲಿ ಜೋಳದ ಹಿಟ್ಟು ಇದೆಯೇ ಎಂದು ನಾನು ವಿಚಾರಿಸುತ್ತಿದ್ದಾಗ, ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬರು ತಿರುಗಿ ನೋಡಿ ಯಾವೂರು ಎಂದು ಕೇಳಿದರು. ಅವರೇ ಗಿರಿಜಾ ಆಂಟಿ. ವಿಜಾಪುರ ಕಡೆಯವರು, ಗಂಡ ಬ್ಯಾಂಕಿನಲ್ಲಿ, ಕಾಂಡೋ ಎಂಬ ದುಬಾರಿ ಅಪಾರ್ಟ್‌ಮೆಂಟಿನಲ್ಲಿ ಮನೆ, ಒಂಬತ್ತು ವರ್ಷದ ಮಗಳು ಸಿಂಚನಾ. ನನಗಿಂತ ನಾಲ್ಕೈದು ವರ್ಷಕ್ಕೇ ದೊಡ್ಡವರು, ಆದರೆ ಇಲ್ಲಿ ಎಲ್ಲರೂ ಆಂಟಿಯೇ. ನಾನು ಹೆಸರು ಹೇಳಿದ ಕೂಡಲೇ ಅವರ ಮುಖದಲ್ಲಿ ಬೆಳಕು ಬಂತು. 'ಹಿರೇಮಠ ಅಂದ್ರ ನೀವು ಅಯ್ಯಾರೇನ್ರಿ?' ಎಂದರು. ನಮ್ಮ ಕಡೆ ಶ್ರಾವಣ ಸೋಮವಾರ ಪೂಜೆ ಮಾಡಿದರೆ ಜಂಗಮರೊಬ್ಬರನ್ನು ಕರೆದು, ಕಾಲಿಗೆ ನೀರು ಕೊಟ್ಟು, ಮೊದಲ ಎಡೆ ಅವರಿಗೆ ಬಡಿಸಿ, ಆಮೇಲೆ ಮನೆಯವರು ಉಣ್ಣುವ ಪದ್ಧತಿ. ಊರಲ್ಲಾದರೆ ಓಣಿಗೊಬ್ಬ ಅಯ್ಯನವರು. ಸಿಂಗಪುರದಲ್ಲಿ ಎಲ್ಲಿಂದ ತರುತ್ತಾರೆ? ಕ್ರೇನಿನ ರೋಸ್ಟರ್ ಹಾಕುವ ನಾನು ಹುಟ್ಟಿದ ಮನೆತನದ ಪುಣ್ಯದಿಂದ ಅಂದೇ ಆ ಜಾಗಕ್ಕೆ ನೇಮಕವಾದೆ.

ಆಂಟಿಯಿಂದ ಸುದ್ದಿ ತಿಳಿದು ಧಾರವಾಡದ ಕಡೆಯ ಪ್ರೊಫೆಸರ್ ಒಬ್ಬರ ಮನೆಯವರೂ ಕರೆದರು. ಶ್ರಾವಣ ಬಂತೆಂದರೆ ಆಫೀಸು ಮುಗಿಸಿ, ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಎಂಆರ್‌ಟಿ ರೈಲು ಹತ್ತುತ್ತಿದ್ದೆ. ಕಷ್ಟವೆಂದರೆ ನನಗೆ ಮಂತ್ರ ಬರುವುದಿಲ್ಲ. ಅಜ್ಜ ಕಲಿಸಿದ್ದರಲ್ಲಿ ಮೊದಲ ಎರಡು ಸಾಲು ನೆನಪಿದ್ದವು. ಮುಂದೆ ಕೈಕೊಟ್ಟಾಗ ಕಣ್ಣು ಮುಚ್ಚಿ, ಗಂಭೀರವಾದ ರಾಗದಲ್ಲಿ ಹಡಗು ನಿಲ್ಲುವ ಬಂದರುಗಳ ಹೆಸರನ್ನು ಒಳಗೊಳಗೇ ಗುಣುಗುಟ್ಟುತ್ತಿದ್ದೆ: ಕೊಲಂಬೊ, ಸಲಾಲಾ, ಜೆಡ್ಡಾ, ಸೂಯೆಜ್. ಎರಡನೆಯ ವರ್ಷ ಸಿಂಚನಾ ಇದನ್ನು ಹಿಡಿದುಬಿಟ್ಟಳು. 'ಅಮ್ಮಾ, ಅಂಕಲ್ ಜೆಡ್ಡಾ ಅಂದ್ರು ಲಾ' ಎಂದು ಸಿಂಗಪುರದ ಬಾಲ ಹಚ್ಚಿ ಹೇಳಿದಳು. ಆಂಟಿ ಕೈಮುಗಿದುಕೊಂಡೇ, 'ಸಂಸ್ಕೃತದಾಗ ಹಂಗ ಬರ್ತದ, ಸುಮ್ಕಿರು' ಎಂದರು. ಅಂದಿನಿಂದ ನಾನು ಜೆಡ್ಡಾ ಬಂದರನ್ನು ಬಿಟ್ಟು ನೇರವಾಗಿ ಸೂಯೆಜ್ ಮುಟ್ಟುತ್ತಿದ್ದೆ.

ಮರ್ಯಾದೆಗೇನೂ ಕಡಿಮೆ ಇರಲಿಲ್ಲ. ಹೂರಣದ ಹೋಳಿಗೆ, ಕಟ್ಟಿನ ಸಾರು, ಮೇಲೆ ತುಪ್ಪ. ಹೊರಡುವಾಗ ಎಲೆ ಅಡಿಕೆ, ಒಂದು ತೆಂಗಿನಕಾಯಿ. ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ಮಂಚದ ಕೆಳಗೆ ತೆಂಗಿನಕಾಯಿಗಳು ಸಾಲಾಗಿ ಕೂತಿರುತ್ತಿದ್ದವು. ಮನೆಯ ಮಾಲೀಕ ಚೀನೀ ಅಂಕಲ್ ನಾನು ಏನಾದರೂ ವ್ಯಾಪಾರ ಶುರು ಮಾಡಿದ್ದೇನೆಯೇ ಎಂದು ಸಂಶಯದಿಂದ ಕೇಳಿದ. ಆದರೆ ಶ್ರಾವಣ ಮುಗಿಯಿತೆಂದರೆ ಫೋನೂ ಮುಗಿಯಿತು. ಭಾದ್ರಪದದಲ್ಲಿ ಹಸಿವಾಗುವುದಿಲ್ಲವೆಂದು ತಿಳಿದಿದ್ದರೋ ಏನೋ. ಅವರ ತಪ್ಪಲ್ಲ. ಅಯ್ಯನವರನ್ನು ಸುಮ್ಮಸುಮ್ಮನೆ, ಬಾ ಮಾರಾಯ ಇದ್ದದ್ದು ಉಣ್ಣೋಣ ಎಂದು ಕರೆಯಲು ಸಂಕೋಚವಾಗುತ್ತದೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಆ ಮನೆಗಳಲ್ಲಿ ನಾನು ಉಂಡದ್ದೆಲ್ಲ ಪೂಜೆಯ ಅಡಿಗೆ, ಅದರಲ್ಲಿ ಉಳ್ಳಾಗಡ್ಡಿ ಬೀಳುವುದಿಲ್ಲ. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಗುದ್ದಿದ ಹಸಿ ಉಳ್ಳಾಗಡ್ಡಿ, ಇದು ನಮ್ಮ ಕಡೆ ಮನೆಯ ಮಂದಿ ಉಣ್ಣುವ ಊಟ. ಹೋಳಿಗೆ ತಿನ್ನುತ್ತ ತಿನ್ನುತ್ತ, ಯಾರಾದರೂ ನನಗೆ ಒಂದು ದಿನ ಉಳ್ಳಾಗಡ್ಡಿ ಕೊಟ್ಟಾರೆಯೇ ಎಂದು ನಾನು ಆಸೆಪಡುತ್ತಿದ್ದೆ. ಬಾಯಿಬಿಟ್ಟು ಕೇಳುವುದು ಹೇಗೆ?

ಎರಡನೆಯ ವರ್ಷದ ಶ್ರಾವಣದಲ್ಲಿ ಒಂದು ಎಡವಟ್ಟು ಮಾಡಿದೆ. ಇಂಗ್ಲೆಂಡಿನಲ್ಲಿ ನಮ್ಮ ತಂಡದ ಒಬ್ಬ ಬಿದ್ದು ಕೈ ಮುರಿದುಕೊಂಡ. ಮುಂದಿನ ಸೋಮವಾರದ ಪಂದ್ಯಕ್ಕೆ ಕೆವಿನ್‌ನನ್ನು ಕರೆಸುವುದೆಂದಾಯಿತು. ಬ್ಯಾರಿ ಆ ದಿನ ಇನ್ನೊಂದು ಮಾತನ್ನೂ ಹೇಳಿದ. ಕೆವಿನ್ ಅಂದು ಚೆನ್ನಾಗಿ ಓಡಿಸಿದರೆ ತನ್ನ ತಮ್ಮ ಮುಂದಿನ ವರ್ಷ ಅವನಿಗೆ ತಂಡದಲ್ಲಿ ಏಳನೆಯ ಖಾಯಂ ಜಾಗ ಕೊಡುವ ವಿಚಾರದಲ್ಲಿದ್ದಾನೆ, ಕೆವಿನ್‌ಗೂ ಅದು ಗೊತ್ತಿದೆ ಎಂದು. ಅದೇ ಸೋಮವಾರ ಇಲ್ಲಿ ಗಿರಿಜಾ ಆಂಟಿಯೂ ಪ್ರೊಫೆಸರರ ಮನೆಯವರೂ ನನ್ನನ್ನು ಒಂದೇ ಹೊತ್ತಿಗೆ ಬುಕ್ ಮಾಡಿದ್ದರು. ಒಬ್ಬರನ್ನು ಆರಕ್ಕೆ ಎಳೆದು, ಇನ್ನೊಬ್ಬರನ್ನು ಎಂಟಕ್ಕೆ ದೂಡಿ, ನಡುವೆ ಎರಡು ಊಟ ಅರಗಿಸಲು ಬಸ್ಸಿನ ಹೊತ್ತನ್ನು ಲೆಕ್ಕ ಹಾಕುತ್ತಿದ್ದೆ. ಇಂಗ್ಲೆಂಡಿನಲ್ಲಿ ಸೋಮವಾರ ಸಂಜೆ ಪಂದ್ಯ ನಡೆಯುವಾಗ ಸಿಂಗಪುರದಲ್ಲಿ ಮಂಗಳವಾರ ಆಗಿರುತ್ತದೆ. ಅದಕ್ಕಾಗಿ ನನ್ನ ಚಾರ್ಟಿನಲ್ಲಿ ಎರಡು ಕಾಲಮ್ಮು ಇದ್ದವು, ಅಲ್ಲಿಯ ವಾರ, ಇಲ್ಲಿಯ ವಾರ. ಹೋಳಿಗೆಯ ಧ್ಯಾನದಲ್ಲಿದ್ದ ನಾನು ಇಲ್ಲಿಯ ವಾರ ನೋಡಿ ಕೆವಿನ್‌ಗೆ ಮಂಗಳವಾರ ಬಾ ಎಂದು ಬರೆದು ಕಳಿಸಿದೆ.

ಸೋಮವಾರ ಅಲ್ಲಿ ತಂಡದವರು ಕಾದರು. ಫೋನ್ ಮಾಡಿದರೆ ಅವನು ವೆಲ್ಡಿಂಗ್ ಸದ್ದಿನಲ್ಲಿ ಎತ್ತಲಿಲ್ಲ. ಪಂದ್ಯ ಸೋತರು. ಮಂಗಳವಾರ ಕೆವಿನ್ ನೂರಾರು ಮೈಲಿ ವ್ಯಾನ್ ಓಡಿಸಿಕೊಂಡು ಹೋಗಿ, ಬೈಕು ಇಳಿಸಿ, ತಲೆಯೆತ್ತಿ ನೋಡಿದರೆ ಮೈದಾನ ಖಾಲಿ. ನನಗೆ ಇದು ತಿಳಿದದ್ದು ಬುಧವಾರ ಬೆಳಿಗ್ಗೆ, ಬ್ಯಾರಿ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದಾಗ. ಬೈದ, ಬೈಸಿಕೊಂಡೆ. ಆದರೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿದ್ದು ಕೆವಿನ್‌ನ ಪತ್ರ. ಈ ಸಲ ಮೂರು ಸಾಲು ಬರೆದಿದ್ದ. 'ಪರವಾಗಿಲ್ಲ, ಆಗುತ್ತದೆ. ಮೈದಾನ ನೋಡಿಕೊಳ್ಳುವ ಮುದುಕ ತನ್ನ ಫ್ಲಾಸ್ಕಿನ ಚಹಾ ಕೊಟ್ಟ, ಇಬ್ಬರೂ ಕೂತು ಕುಡಿದೆವು. ಇಷ್ಟು ವರ್ಷದಲ್ಲಿ ಆ ಊರಿನಲ್ಲಿ ನನಗೆ ಯಾರೂ ಚಹಾ ಕೊಟ್ಟಿರಲಿಲ್ಲ.' ಒಬ್ಬ ಮನುಷ್ಯನಿಗೆ ಸಿಗಬಹುದಾಗಿದ್ದ ಜಾಗವನ್ನು ಎರಡು ಹೋಳಿಗೆಯ ಆಸೆಗೆ ಕಳೆದೆನಲ್ಲ ಎಂದು ನನಗೆ ನಿಜವಾಗಿ ನಾಚಿಕೆಯಾಯಿತು.

ಇಂಗ್ಲೆಂಡಿನಲ್ಲಿ ಚಳಿಗಾಲ ಬಂದು ಮುಂದಿನ ವರ್ಷದ ತಂಡ ಕಟ್ಟುವ ಸಮಯವಾಯಿತು. ಪ್ರಾಯಶ್ಚಿತ್ತವೆಂಬಂತೆ ಬಸ್ಸಿನಲ್ಲಿ, ಹಾಕರ್ ಸೆಂಟರಿನ ಊಟದಂಗಡಿಗಳಲ್ಲಿ, ಸಿಕ್ಕಲ್ಲಿ ಕೂತು ಕೂಡಿಸಿ ಕಳೆದು ನೋಡಿದೆ. ಆರು ಜನರ ಸರಾಸರಿ ಕೂಡಿಸಿದ ಮೇಲೆ ಮಿತಿಗೆ ಉಳಿದದ್ದು ಒಂದು ಸಣ್ಣ ಸಂದು. ಆ ಸಂದಿಯಲ್ಲಿ ಕೆವಿನ್‌ನ ಸರಾಸರಿ ಇಟ್ಟರೆ, ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿತು. ನನಗೆ ನಂಬಿಕೆಯಾಗದೆ ಮತ್ತೆ ಮಾಡಿದೆ. ಆಗ ತಿಳಿಯಿತು: ಅವನು ಆ ಸೋಮವಾರ ಬಂದು, ಆಸೆಯಿಂದ ಜೀವ ಒತ್ತೆಯಿಟ್ಟು ಓಡಿಸಿ ಗೆದ್ದಿದ್ದರೆ, ಸರಾಸರಿ ಒಂದು ಕೂದಲೆಳೆ ಮೇಲೇರಿ ಮಿತಿ ದಾಟುತ್ತಿತ್ತು. ಹೊಗಳಿ ಹೊರಗಿಡುತ್ತಿದ್ದರು. ಬಾರದೆ ಇದ್ದದ್ದಕ್ಕೇ ಅವನು ಒಳಗೆ ಹಿಡಿಸಿದ. ಬ್ಯಾರಿ ಕಾಗದವನ್ನು ಎರಡು ಸಲ ನೋಡಿ, 'ಹೈರ್-ಮ್ಯಾಥ್, ಯೂ ಆರ್ ಎ ಲಕ್ಕಿ ಫೂಲ್' ಎಂದ. ವಾರದೊಳಗೆ ಕೆವಿನ್‌ನ ಪತ್ರ ಬಂತು. ಕ್ಲಬ್ಬಿನವರು ಅಂಗಿ ಕೊಟ್ಟಿದ್ದಾರೆ, ಮನೆಗೆ ತಂದಿದ್ದೇನೆ ಎಂದು ಬರೆದಿದ್ದ. ವಾಪಸು ಕೊಡಬೇಕಾಗಿಲ್ಲದ ಅಂಗಿ. ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅದೇ ದಿನಗಳಲ್ಲಿ ಮತ್ತೆ ಆ ಕಿರಾಣಿ ಅಂಗಡಿಯಲ್ಲಿ ಗಿರಿಜಾ ಆಂಟಿ ಸಿಕ್ಕರು. ಶರಣೆಂದು ಕೈಮುಗಿದವರು ನನ್ನ ಬುಟ್ಟಿಯೊಳಗೆ ನೋಡಿದರು. ಒಂದು ಮೊಸರಿನ ಡಬ್ಬಿ, ಒಂದು ಬಾಳೆಹಣ್ಣು, ಒಂದು ಉಳ್ಳಾಗಡ್ಡಿ.

'ಒಂದ ಉಳ್ಳಾಗಡ್ಡಿ ತೊಗೊಂಡೀರಲ್ರಿ ಅಯ್ಯಾರ?'

'ಎರಡು ತೊಗೊಂಡ್ರ ಒಂದು ಮೊಳಕಿ ಒಡೀತದ್ರಿ' ಎಂದೆ.

ತಮಾಷೆಗೆಂದು ಹೇಳಿದ್ದು. ಅವರು ನಗಲಿಲ್ಲ. ಈ ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ಪೂಜೆ ಏನಿಲ್ಲ, ಹಿಟ್ಟು ಬಂದಿದೆ, ರೊಟ್ಟಿ ಮಾಡುತ್ತೇನೆ ಎಂದರು. ನಾನು ಬಸ್ಸಿನಲ್ಲಿ ಬುಕಿತ್ ಬಾಟೋಕಿನವರೆಗೆ ನಿಂತೇ ಬಂದೆ. ಸೀಟು ಖಾಲಿ ಇತ್ತು, ಕೂರಬೇಕೆಂದು ಹೊಳೆಯಲಿಲ್ಲ.

ಈಗ ನನ್ನ ಮೂರ್ಖತನ ಕೇಳಿ. ರೋಸ್ಟರ್ ಹಾಕುವವನ ಚಟ, ನನ್ನ ಸ್ವಂತದ್ದಕ್ಕೂ ಒಂದು ಚಾರ್ಟು ಇಟ್ಟುಕೊಂಡಿದ್ದೆ. ಅದರಲ್ಲಿ ಮನೆಯ ಹೆಸರು ಒತ್ತಿದರೆ ವಾರ ತಾನಾಗಿಯೇ ಬೀಳುವಂತೆ ಸೂತ್ರ ಬರೆದಿದ್ದೆ. ಗಿರಿಜಾ ಆಂಟಿ ಎಂದು ಒತ್ತಿದೆ. ಆ ಮನೆಗೆ ಸೋಮವಾರ ಬಿಟ್ಟು ಬೇರೆ ವಾರವೇ ಗೊತ್ತಿಲ್ಲದ ನನ್ನ ಸೂತ್ರ ಸೋಮವಾರ, ಸಂಜೆ ಏಳು ಎಂದು ಬರೆದುಕೊಂಡಿತು. ಕಿವಿಯಲ್ಲಿ ಕೇಳಿದ್ದು ಭಾನುವಾರ. ಮುಂದಿನ ದಿನಗಳಲ್ಲಿ ನಾನು ನಂಬಿದ್ದು ಚಾರ್ಟನ್ನು. ಭಾನುವಾರ ಎಂದಿನಂತೆ ಡ್ಯೂಟಿಗೆ ಹೋದೆ. ಕಂಟ್ರೋಲ್ ರೂಮಿನಲ್ಲಿ ಮೊಬೈಲನ್ನು ಲಾಕರಿನಲ್ಲಿಡಬೇಕು. ಸಂಜೆ ತೆಗೆದು ನೋಡಿದರೆ ಆಂಟಿಯ ಎರಡು ಮಿಸ್ಡ್ ಕಾಲ್. ನಾಳೆಯದನ್ನು ನೆನಪಿಸಲು ಮಾಡಿರಬೇಕು, ಎಷ್ಟು ಅಕ್ಕರೆ ಎಂದುಕೊಂಡು ಹಿಗ್ಗಿದೆ.

ಸೋಮವಾರ ಸಂಜೆ ಸ್ನಾನ, ಬಿಳಿ ಅಂಗಿ, ವಿಭೂತಿ. ಬೆಲ್ ಒತ್ತಿದೆ. ಬಾಗಿಲು ತೆಗೆದ ಆಂಟಿ ನೈಟಿಯ ಮೇಲೆ ಟವೆಲ್ ಹೊದ್ದಿದ್ದರು, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರು. ಸೋಫಾ ತುಂಬ ಇಸ್ತ್ರಿಯ ಬಟ್ಟೆ. ನನ್ನ ಹಣೆಯ ವಿಭೂತಿ ನೋಡಿ, ಇಂದು ಯಾವ ಹಬ್ಬವನ್ನು ಮರೆತೆನೋ ಎಂದು ಒಂದು ಕ್ಷಣ ಗಾಬರಿಯಾದರು. ಆಮೇಲೆ, ನಿನ್ನೆ ಮೂರು ಗಂಟೆಯ ತನಕ ಕಾದು ಊಟ ಮಾಡಿದೆವು, ಎರಡು ಸಲ ಫೋನ್ ಮಾಡಿದೆ, ಎಲ್ಲಿ ಹೋಗಿದ್ದಿರಿ ಎಂದು ಕೇಳಿದರು. ನನಗೆ ಖಾಲಿ ಮೈದಾನದಲ್ಲಿ ಬೈಕು ಇಳಿಸಿ ನಿಂತ ಕೆವಿನ್ ಕಣ್ಣಮುಂದೆ ಬಂದ. ಎರಡು ವರ್ಷ ಕಾದ ಊಟ, ನಾನೇ ಬರೆದ ಸೂತ್ರದಿಂದ ನಿನ್ನೆಯೇ ಮುಗಿದುಹೋಗಿತ್ತು. ಚಾರ್ಟಿನ ತಪ್ಪು ಎಂದು ಏನೋ ಬಡಬಡಿಸಿ ಲಿಫ್ಟಿನ ಕಡೆ ತಿರುಗಿದೆ.

'ನಿಂದರ್ರಿ' ಎಂದರು ಆಂಟಿ. 'ಊಟ ಆಗೇದೇನು?'

'ಇಲ್ರಿ.'

'ಇವತ್ತ ಏನೂ ಕುಕ್ ಮಾಡಿಲ್ರಿ. ನಿನ್ನಿ ರೊಟ್ಟಿ ಅದಾವ. ಅಯ್ಯಾರಿಗೆ ತಂಗಳ ಹ್ಯಾಂಗ ಕೊಡ್ಲಿ?'

ಆ ಧೈರ್ಯ ಎಲ್ಲಿಂದ ಬಂತೋ ತಿಳಿಯದು. 'ಅಯ್ಯಾರು ನಿನ್ನಿ ಬರಲಿಲ್ಲಲ್ರಿ ಆಂಟಿ' ಎಂದೆ. 'ಇವತ್ತ ಬಂದಾಂವ ನಾನು.'

ಅವರು ನನ್ನನ್ನೇ ನೋಡಿದರು. ಒಳಗೆ ಹೋದರು. ಅಡಿಗೆಮನೆಯಿಂದ ಧಪ್ ಎಂದು ಒಂದು ಸದ್ದು ಬಂತು. ಉಳ್ಳಾಗಡ್ಡಿಯನ್ನು ಕಟ್ಟೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿದರೆ ಮಾತ್ರ ಬರುವ ಸದ್ದು ಅದು. ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ನಿನ್ನೆಯ ಕಟಕ ರೊಟ್ಟಿಯನ್ನು ಮುರಿದು, ಶೇಂಗಾ ಹಿಂಡಿಗೆ ಮೊಸರು ಕಲಸಿಕೊಂಡು, ಉಳ್ಳಾಗಡ್ಡಿ ಕಚ್ಚುತ್ತ ನಾನು ನಾಲ್ಕು ರೊಟ್ಟಿ ತಿಂದೆ. ಯಾರೂ ಕಾಲಿಗೆ ನೀರು ಕೊಡಲಿಲ್ಲ. ಆಂಟಿ ಇಸ್ತ್ರಿ ಮಾಡುತ್ತ, ಗಂಡನ ಬ್ಯಾಂಕಿನವರ ಮೇಲೆ ಎಲ್ಲ ಸಿಟ್ಟನ್ನೂ ನನ್ನೆದುರು ತೋಡಿಕೊಂಡರು. ಹೋಮ್‌ವರ್ಕ್ ಮಾಡುತ್ತಿದ್ದ ಸಿಂಚನಾ ಬಂದು, 'ಅಂಕಲ್, ಟುಡೇ ನೋ ಜೆಡ್ಡಾ ಆ?' ಎಂದಳು. ಇವತ್ತು ಹಡಗು ಇದೇ ಬಂದರಿನಲ್ಲಿ ನಿಂತಿದೆ ಎಂದೆ. ಹೊರಟಾಗ ಆಂಟಿ ಕೈಯಲ್ಲಿದ್ದ ಅಂಗಿಯಿಂದ ತಲೆಯೆತ್ತದೆ, ಬಾಗಿಲು ಎಳೆದುಕೊಂಡು ಹೋಗಿ ಎಂದರು. ಲಿಫ್ಟಿನಲ್ಲಿ ಇಳಿಯುವಾಗ ಏನೋ ಮರೆತ ಹಾಗಾಯಿತು. ಕೈ ನೋಡಿಕೊಂಡೆ. ತೆಂಗಿನಕಾಯಿ ಕೊಟ್ಟಿರಲಿಲ್ಲ. ಆ ಖಾಲಿ ಕೈ ಬೀಸಿಕೊಂಡು ಎಂಆರ್‌ಟಿಯವರೆಗೆ ನಡೆದಷ್ಟು ಖುಷಿಯಿಂದ ಆ ಊರಿನಲ್ಲಿ ನಾನು ಎಂದೂ ನಡೆದಿರಲಿಲ್ಲ.

ಮುನ್ನೂರು ಜನರ ಪಾಳಿಯನ್ನೂ ಏಳು ಜನರ ಓಟವನ್ನೂ ತಪ್ಪಿಲ್ಲದೆ ಹೊಂದಿಸಬಲ್ಲ ನಾನು ಆ ಮನೆಯ ಮಟ್ಟಿಗೆ ಆಮೇಲೆ ಆಗಾಗ ವಾರ ಮರೆಯತೊಡಗಿದೆ. ಕರೆಯದೆ ಹೋಗಿ ಬೆಲ್ ಒತ್ತುವುದು, ಇವತ್ತೇ ಅಲ್ಲವೇ ಎಂದು ಪೆಚ್ಚುಮೋರೆ ಹಾಕುವುದು, ಆಂಟಿ ತಲೆ ಚಚ್ಚಿಕೊಂಡು ಉಳ್ಳಾಗಡ್ಡಿ ಗುದ್ದುವುದು. ಇಷ್ಟು ದೊಡ್ಡ ಬಂದರನ್ನು ಇಂಥ ಮರೆಗುಳಿಯ ಕೈಗೆ ಹೇಗೆ ಕೊಟ್ಟರೋ ಎಂದು ಅವರು ಗಂಡನ ಹತ್ತಿರ ಚಿಂತೆ ಮಾಡುತ್ತಿದ್ದರಂತೆ. ಆದರೆ ಅತಿಯಾದರೆ ಅಮೃತವೂ ವಿಷ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಮರೆಯುವುದಕ್ಕೂ ಒಂದು ರೋಸ್ಟರ್ ಹಾಕಿಕೊಂಡಿದ್ದೆ: ತಿಂಗಳಿಗೆ ಒಂದು ಸಲ, ಎರಡನೆಯ ಗುರುವಾರ, ಸಂಜೆ ಏಳಕ್ಕೆ.